ಹುಳಿಯೊಳಗಿನ ಕಾವಲು

ಗೃಹಕೃತ್ಯದಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯದ ಎರಡು ಕೆಲಸಗಳುಂಟು. ಎರಡೂ ರಾತ್ರಿಯ ಕೆಲಸಗಳೇ. ಮನೆಯವರ ಊಟ ಮುಗಿದು, ಪಾತ್ರೆಗಳು ಬೋರಲಾಗಿ, ಒಲೆಯ ಕಟ್ಟೆಯನ್ನು ಒರಸಿಯಾದ ಮೇಲೆ ಗೃಹಿಣಿಯು ಕಾಯಿಸಿ ಆರಿಸಿದ ಹಾಲಿನಲ್ಲಿ ಕಿರುಬೆರಳನ್ನದ್ದಿ ಬಿಸಿ ನೋಡುತ್ತಾಳೆ. ಉಗುರುಬೆಚ್ಚಗಿದೆ ಎನ್ನಿಸಿದರೆ ಒಂದು ಚಮಚ ಮೊಸರನ್ನು ಹೆಪ್ಪು ಹಾಕುತ್ತಾಳೆ. ಅನಂತರ ಸಂಜೆ ರುಬ್ಬಿಟ್ಟ ಇಡ್ಲಿಯ ಹಿಟ್ಟಿಗೆ ಉಪ್ಪು ಬೆರೆಸಿ, ಅಂಗೈಯಿಂದ ನಾಲ್ಕು ಸುತ್ತು ಕಲಸಿ, ತಟ್ಟೆ ಮುಚ್ಚಿ ಮೂಲೆಯಲ್ಲಿಡುತ್ತಾಳೆ. ದೀಪ ಆರುತ್ತದೆ. ಮನೆ ಮಲಗುತ್ತದೆ. ಮಲಗದೆ ಉಳಿಯುವವರು ಆ ಎರಡು ಪಾತ್ರೆಗಳೊಳಗಿನವರು ಮಾತ್ರ.

ಅವರು ಬರಿಗಣ್ಣಿಗೆ ಕಾಣುವವರಲ್ಲ. ಒಂದು ಹನಿ ಮೊಸರಿನಲ್ಲಿ ಅವರ ಸಂಖ್ಯೆ ಮೈಸೂರು ನಗರದ ಜನಸಂಖ್ಯೆಯನ್ನು ಸುಲಭವಾಗಿ ಮೀರಿಸುತ್ತದೆ. ಬೆಳಗಾಗುವ ಹೊತ್ತಿಗೆ ಹಾಲು ಗಟ್ಟಿಯಾಗಿರುತ್ತದೆ, ಹಿಟ್ಟು ಉಬ್ಬಿರುತ್ತದೆ. 'ಹುದುಗು ಚೆನ್ನಾಗಿ ಬಂದಿದೆ' ಎಂದು ಗೃಹಿಣಿಗೆ ಸಂತೋಷವಾಗುತ್ತದೆ. ಅದಕ್ಕಿಂತ ಹೆಚ್ಚಿನದೊಂದು ಸಂಗತಿ ಆ ರಾತ್ರಿ ನಡೆದುಹೋಗಿದೆ ಎಂಬುದು ಆಕೆಯ ಗಮನಕ್ಕೆ ಬರುವುದಿಲ್ಲ. ಹಿಟ್ಟು ಉಬ್ಬಿದ್ದಷ್ಟೇ ಅಲ್ಲ, ಹಿಟ್ಟು ಕೆಡದೆ ಉಳಿಯಿತು. ಈ ಎರಡನೆಯದೇ ವಿಚಾರಮಾಡತಕ್ಕ ವಿಷಯ.

ಕಾಯಿಸದೆ ಬಿಟ್ಟ ಹಾಲೂ ಮರುದಿನಕ್ಕೆ ಒಡೆಯುತ್ತದೆ, ಹೆಪ್ಪು ಹಾಕಿದ ಹಾಲೂ ಒಡೆಯುತ್ತದೆ. ಎರಡೂ ಸೂಕ್ಷ್ಮಜೀವಿಗಳ ಕೆಲಸವೇ. ಆದರೆ ಒಂದನ್ನು ಬಚ್ಚಲಿಗೆ ಚೆಲ್ಲುತ್ತಾರೆ, ಇನ್ನೊಂದನ್ನು ಮಕ್ಕಳ ತಟ್ಟೆಗೆ ಬಡಿಸುತ್ತಾರೆ. ಕನ್ನಡದ ಜನ ಈ ಭೇದವನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದರೆಂಬುದಕ್ಕೆ ಅವರ ಮಾತೇ ಸಾಕ್ಷಿ. ಹಿಟ್ಟು 'ಹುಳಿಯುತ್ತದೆ', ಅನ್ನ 'ಹಳಸುತ್ತದೆ', ಹಣ್ಣು 'ಕೊಳೆಯುತ್ತದೆ', ರಾಗಿ 'ಮುಗ್ಗುತ್ತದೆ', ಉಪ್ಪಿನಕಾಯಿಗೆ 'ಬೂಷ್ಟು ಬರುತ್ತದೆ'. ಇಷ್ಟು ಮಾತುಗಳಲ್ಲಿ ಮೊದಲನೆಯದೊಂದನ್ನು ಮಾತ್ರ ಯಾರೂ ಮುಖ ಸಿಂಡರಿಸದೆ ಹೇಳುತ್ತಾರೆ. ಹುಳಿತದ್ದು ಕೆಟ್ಟದ್ದಲ್ಲ. ಏಕೆ ಅಲ್ಲ ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ಅಡಿಗೆಯ ಮನೆಯಿಂದ ಪ್ರಯೋಗಶಾಲೆಯವರೆಗೆ ಒಂದು ದಾರಿ ತೆರೆದುಕೊಳ್ಳುತ್ತದೆ. ಆ ದಾರಿಯ ಒಂದು ಮುಖ್ಯವಾದ ನಿಲ್ದಾಣ ಮೈಸೂರಿನಲ್ಲೇ ಇದೆ.

ಇಡ್ಲಿಯ ವಂಶಾವಳಿ ದೀರ್ಘವಾದದ್ದು. ಹತ್ತನೆಯ ಶತಮಾನದ ಕನ್ನಡ ಗದ್ಯಕೃತಿ ವಡ್ಡಾರಾಧನೆಯಲ್ಲಿ 'ಇಡ್ಡಲಿಗೆ' ಎಂಬ ಮಾತು ಬರುತ್ತದೆ. ಹನ್ನೊಂದನೆಯ ಶತಮಾನದ ಲೋಕೋಪಕಾರದಲ್ಲಿ ಉದ್ದನ್ನು ನೆನೆಸಿ ರುಬ್ಬಿ ಮಾಡುವ ಕ್ರಮ ದೊರೆಯುತ್ತದೆ. ಅದರಲ್ಲಿ ಅಕ್ಕಿಯ ಮಾತಿಲ್ಲ. ಇಂದಿನ ಇಡ್ಲಿಗೂ ಅಂದಿನ ಇಡ್ಡಲಿಗೆಗೂ ಅಂತರವುಂಟು. ಆದರೆ ಉದ್ದಿನಬೇಳೆಯ ಜೊತೆ ಕನ್ನಡನಾಡಿನ ಒಲೆಗೆ ಸಾವಿರ ವರ್ಷಗಳ ನಂಟಿದೆ ಎಂಬುದರಲ್ಲಿ ಸಂದೇಹವಿಲ್ಲ.

ಈ ಹಿಟ್ಟು ಏಕೆ ಉಬ್ಬುತ್ತದೆ ಎಂಬುದನ್ನು ವಿವರವಾಗಿ ಹೇಳಿದವರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ವಿಜ್ಞಾನಿಗಳೂ ಸೇರಿದ್ದಾರೆ ಎಂದರೆ ವಾಚಕರಿಗೆ ಸೋಜಿಗವಾಗಬಹುದು. 1965ರಲ್ಲಿ ಸ್ಟೈನ್‌ಕ್ರಾಸ್ ಮತ್ತು ಅವರ ಸಂಗಡಿಗರು, ಇಡ್ಲಿಯ ಹಿಟ್ಟನ್ನು ಉಬ್ಬಿಸುವುದು ಯೀಸ್ಟ್ ಅಲ್ಲ, ಲ್ಯೂಕೊನೊಸ್ಟಾಕ್ ಎಂಬ ಹುಳಿ ಬರಿಸುವ ಬ್ಯಾಕ್ಟೀರಿಯಾ ಎಂದು ತೋರಿಸಿದರು. ಅದು ಮೊದಲು ಬಂದು ಹಿಟ್ಟನ್ನು ಅನಿಲದಿಂದ ಉಬ್ಬಿಸಿ ಹುಳಿಗೆ ನಾಂದಿ ಹಾಕುತ್ತದೆ. ಅದರ ಹಿಂದೆ ಎಂಟೆರೊಕಾಕಸ್, ಪೀಡಿಯೊಕಾಕಸ್ ಮೊದಲಾದವು ಬಂದು ಹುಳಿಯನ್ನು ಮುಂದುವರಿಸುತ್ತವೆ. ಇವು ಗೃಹಿಣಿಯ ಕೈಗುಣದಿಂದ ಹುಟ್ಟಿದವಲ್ಲ. ಅಕ್ಕಿ ಮತ್ತು ಉದ್ದಿನಬೇಳೆಯ ಮೈಗೆ ಅಂಟಿಕೊಂಡೇ ಮನೆಗೆ ಬಂದವು. ಆದರೂ ಎಷ್ಟು ಹೊತ್ತು ನೆನೆಸಬೇಕು, ಎಷ್ಟು ನುಣ್ಣಗೆ ರುಬ್ಬಬೇಕು, ಮಾರ್ಗಶಿರದ ಚಳಿಯಲ್ಲಿ ಪಾತ್ರೆಯನ್ನು ಎಲ್ಲಿಡಬೇಕು ಎಂಬುದನ್ನು ಅರಿತು, ಅವುಗಳಿಗೆ ಒಪ್ಪುವ ರಾತ್ರಿಯನ್ನು ಒದಗಿಸಿಕೊಡುವವಳು ಆಕೆಯೇ. ಕೈಗುಣವೆಂದರೆ ಅದೇ ಇರಬೇಕು.

ಹುಳಿತದ್ದು ಕೆಡದಿರುವುದಕ್ಕೆ ಬಹುಪಾಲು ಕಾರಣ ಹುಳಿಯೇ. ಈ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಆಮ್ಲವನ್ನಾಗಿ ಮಾರ್ಪಡಿಸುತ್ತವೆ. ಆಮ್ಲದಲ್ಲಿ ಇತರ ಅನೇಕ ಜೀವಿಗಳು ಬಾಳಲಾರವು. ಇಷ್ಟನ್ನು ಶಾಲೆಯ ಪುಸ್ತಕಗಳೂ ಹೇಳುತ್ತವೆ. ಹೇಳದೆ ಬಿಡುವುದು ಇನ್ನೊಂದು ಆಯುಧವನ್ನು. ಅದು ಪತ್ತೆಯಾದ ಬಗೆಯೇ ಒಂದು ಕಥೆ.

1928ನೆಯ ಇಸವಿ ಎಂದರೆ ವಿಜ್ಞಾನ ಓದಿದವರಿಗೆ ಥಟ್ಟನೆ ನೆನಪಾಗುವುದು ಅಲೆಕ್ಸಾಂಡರ್ ಫ್ಲೆಮಿಂಗ್. ಲಂಡನ್ನಿನ ಆಸ್ಪತ್ರೆಯೊಂದರ ಪ್ರಯೋಗಶಾಲೆಯಲ್ಲಿ ಗಾಜಿನ ತಟ್ಟೆಯ ಮೇಲೆ ಬೂಷ್ಟು ಬೆಳೆದು, ಸುತ್ತಲಿನ ಬ್ಯಾಕ್ಟೀರಿಯಾ ಕರಗಿಹೋದದ್ದನ್ನು ಅವರು ಕಂಡದ್ದು ಆ ವರ್ಷವೇ. ಅದರಿಂದ ಪೆನಿಸಿಲಿನ್ ಬಂತು, ಕೀರ್ತಿ ಬಂತು, ನೊಬೆಲ್ ಬಹುಮಾನ ಬಂತು. ಅದೇ 1928ರಲ್ಲಿ ಅಮೆರಿಕದಲ್ಲಿ ರೋಜರ್ಸ್ ಎಂಬ ಹಾಲಿನ ವಿಜ್ಞಾನಿ, ಹಾಲನ್ನು ಹುಳಿಸುವ ಒಂದು ಬ್ಯಾಕ್ಟೀರಿಯಾ ಮೊಸರಿನ ಮತ್ತೊಂದು ಬ್ಯಾಕ್ಟೀರಿಯಾವನ್ನು ತಡೆಯುತ್ತದೆಂದು ಬರೆದರು. ಆ ಲೇಖನಕ್ಕೆ ಅಂಥ ಗದ್ದಲವೇನೂ ಆಗಲಿಲ್ಲ. ಹಾಲು ಹುಳಿಯುವುದರಲ್ಲಿ ಸುದ್ದಿಯೇನಿದೆ?

ಐದು ವರ್ಷಗಳ ತರುವಾಯ, 1933ರಲ್ಲಿ, ನ್ಯೂಜಿಲೆಂಡಿನ ಚೀಸ್ ಕಾರ್ಖಾನೆಗಳ ತೊಂದರೆಯೊಂದನ್ನು ಬೆನ್ನುಹತ್ತಿದ ವೈಟ್‌ಹೆಡ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಕೆಲವು ದಿನ ಕಾರ್ಖಾನೆಯ ಹಾಲಿಗೆ ಎಷ್ಟು ಹೆಪ್ಪು ಹಾಕಿದರೂ ಹುಳಿ ಬರುತ್ತಿರಲಿಲ್ಲ. ಪರೀಕ್ಷಿಸಿದಾಗ, ಆ ಹಾಲಿನಲ್ಲಿ ಮೊದಲೇ ಸೇರಿಕೊಂಡಿದ್ದ ಒಂದು ಬ್ಯಾಕ್ಟೀರಿಯಾ ಏನನ್ನೋ ಸ್ರವಿಸಿ ಹೆಪ್ಪಿನ ಬ್ಯಾಕ್ಟೀರಿಯಾವನ್ನು ತಡೆಯುತ್ತಿದ್ದದ್ದು ಗೊತ್ತಾಯಿತು. ಕೊನೆಗೆ ಇಂಗ್ಲೆಂಡಿನಲ್ಲಿ ಮ್ಯಾಟಿಕ್ ಮತ್ತು ಹಿರ್ಷ್ ಎಂಬ ಇಬ್ಬರು ಆ ವಸ್ತುವಿನ ಗುಣಗಳನ್ನು ವಿವರಿಸಿ, 1947ರ ಹೊತ್ತಿಗೆ ಅದಕ್ಕೆ ನಿಸಿನ್ ಎಂದು ನಾಮಕರಣ ಮಾಡಿದರು. ಅದನ್ನು ಉತ್ಪಾದಿಸುವ ಜೀವಿಗೆ ಇಂದು ಲ್ಯಾಕ್ಟೊಕಾಕಸ್ ಲ್ಯಾಕ್ಟಿಸ್ ಎಂಬ ಹೆಸರಿದೆ.

ನಿಸಿನ್ ಎಂಬುದು ಆಮ್ಲವೂ ಅಲ್ಲ, ವಿಷದ ಉಪ್ಪೂ ಅಲ್ಲ. ಅದೊಂದು ಪುಟ್ಟ ಪ್ರೋಟೀನು. ಶಾಸ್ತ್ರದ ಭಾಷೆಯಲ್ಲಿ ಪೆಪ್ಟೈಡ್. ಬೇಳೆಯಲ್ಲಿಯೂ ಹಾಲಿನಲ್ಲಿಯೂ ಇರುವ ಪ್ರೋಟೀನುಗಳು ಅಮೈನೋ ಆಮ್ಲಗಳೆಂಬ ನೂರಾರು ಮಣಿಗಳನ್ನು ಪೋಣಿಸಿದ ಉದ್ದನೆಯ ಸರಗಳಾದರೆ, ನಿಸಿನ್ ಕೇವಲ 34 ಮಣಿಗಳ ಕಿರುಸರ. ಆ ಸರದಲ್ಲಿ ಅಲ್ಲಲ್ಲಿ ಐದು ಕುಣಿಕೆಗಳಿವೆ. ಆಹಾರದಲ್ಲಿರುವ ಬ್ಯಾಕ್ಟೀರಿಯಾಗಳಲ್ಲಿ ಅನೇಕವು ಇಂತಹ ಕಿರುಸರಗಳನ್ನು ಹೆಣೆದು ಹೊರಗೆ ಬಿಡುತ್ತವೆ. ಬ್ಯಾಕ್ಟೀರಿಯಾ ಬ್ಯಾಕ್ಟೀರಿಯಾವನ್ನು ಕೊಲ್ಲಲು ಮಾಡುವ ಇಂಥ ಪ್ರೋಟೀನುಗಳಿಗೆಲ್ಲ ಬ್ಯಾಕ್ಟೀರಿಯೋಸಿನ್ ಎಂಬ ಸಾಮಾನ್ಯ ನಾಮವಿದೆ.

ಅವು ಕೊಲ್ಲುವ ರೀತಿ ಯುದ್ಧಶಾಸ್ತ್ರದವರೂ ಮೆಚ್ಚುವಂತಹುದು. ಬಹುಪಾಲು ಬ್ಯಾಕ್ಟೀರಿಯಾಗಳು ತಮ್ಮ ಸುತ್ತ ಗೋಡೆ ಕಟ್ಟಿಕೊಳ್ಳುತ್ತಿರುತ್ತವೆ. ಗೋಡೆಗೆ ಬೇಕಾದ ಇಟ್ಟಿಗೆಗಳು ಒಳಗೆ ತಯಾರಾಗಿ, ಅವನ್ನು ಹೊತ್ತು ಹೊರಗೆ ತರುವ ಆಳುಗಳಂಥ ಅಣುಗಳಿವೆ. ಪೆನಿಸಿಲಿನ್ ಗಾರೆಯವನ ಕೈ ಕಟ್ಟುತ್ತದೆ. ನಿಸಿನ್ ಇಟ್ಟಿಗೆ ಹೊತ್ತ ಆಳನ್ನೇ ಹಿಡಿಯುತ್ತದೆ. ಹಿಡಿದು, ಅವನನ್ನೇ ಆಧಾರವಾಗಿ ಮಾಡಿಕೊಂಡು, ಗೋಡೆಯೊಳಗಿನ ತೆಳುಪೊರೆಯಲ್ಲಿ ರಂಧ್ರ ಕೊರೆಯುತ್ತದೆ. ತೂತು ಬಿದ್ದ ಕೊಡದಿಂದ ನೀರು ಸುರಿದಂತೆ ಶತ್ರುವಿನ ಜೀವಸತ್ತ್ವವೆಲ್ಲ ಹೊರಗೆ ಸೋರಿಹೋಗುತ್ತದೆ. ಪೀಡಿಯೊಕಾಕಸ್ ಮಾಡುವ ಪೀಡಿಯೋಸಿನ್ ಎಂಬುದು 44 ಮಣಿಗಳ ಸರ. ಅದು ಹಿಡಿಯುವುದು ಬೇರೊಂದು ಬಾಗಿಲನ್ನು. ಶತ್ರು ತನ್ನೊಳಗೆ ಸಕ್ಕರೆಯನ್ನು ಎಳೆದುಕೊಳ್ಳಲು ಇಟ್ಟುಕೊಂಡ ದ್ವಾರಕ್ಕೇ ಅದು ಅಂಟಿಕೊಂಡು, ಆ ದ್ವಾರವನ್ನು ಮುಚ್ಚಲಾಗದಂತೆ ಮಾಡುತ್ತದೆ. ಉಣ್ಣಲು ತೆರೆದ ಬಾಯಿಯೇ ಸಾವಿನ ಬಾಗಿಲಾಗುತ್ತದೆ.

ತಾನು ಮಾಡಿದ ವಿಷಕ್ಕೆ ತಾನೇ ಬಲಿಯಾಗದಂತೆ ಇರುವ ಉಪಾಯವೂ ಅವುಗಳಿಗೆ ಗೊತ್ತು. ಆಯುಧದೊಡನೆಯೇ ಅದಕ್ಕೆ ತಕ್ಕ ಕವಚವನ್ನೂ ಅವು ತಯಾರಿಸಿಕೊಳ್ಳುತ್ತವೆ. ನಿಸಿನ್ ಮಾಡುವ ಜೀವಿಯಂತೂ ಇನ್ನೂ ಜಾಣ. ತನ್ನವರ ಸಂಖ್ಯೆ ಕಡಿಮೆಯಿದ್ದಾಗ ಸುಮ್ಮನಿದ್ದು, ಸುತ್ತಲೂ ತನ್ನ ಬಳಗ ನೆರೆದಿದೆಯೆಂಬ ಸೂಚನೆ ದೊರೆತಾಗ ಉತ್ಪಾದನೆಯನ್ನು ಹೆಚ್ಚಿಸುತ್ತದೆ. ಆ ಸೂಚನೆ ಮತ್ತೇನೂ ಅಲ್ಲ, ಸ್ವತಃ ನಿಸಿನ್ನೇ.

ಇನ್ನೂ ಒಂದು ಸ್ವಾರಸ್ಯ ಉಂಟು. ಈ ಆಯುಧಗಳು ಸಾಮಾನ್ಯವಾಗಿ ಹೆಚ್ಚು ನಾಟುವುದು ದೂರದವರ ಮೇಲಲ್ಲ, ಹತ್ತಿರದ ಸಂಬಂಧಿಗಳ ಮೇಲೆ. ಒಂದೇ ಬಟ್ಟಲಿನ ಸಕ್ಕರೆಗೆ ಕೈ ಹಾಕುವವರು ಹತ್ತಿರದವರೇ ಅಲ್ಲವೆ? ದಾಯಾದಿ ಮತ್ಸರಕ್ಕೆ ಮಹಾಭಾರತವೇ ಬೇಕಿಲ್ಲ, ಒಂದು ಲೋಟ ಮಜ್ಜಿಗೆ ಸಾಕು.

ಇನ್ನು ಮೈಸೂರಿನ ಮಾತು. ರೈಲು ನಿಲ್ದಾಣಕ್ಕೆ ಬಹು ದೂರವಿಲ್ಲದೆ, ಮರಗಳ ನಡುವೆ, ಚೆಲುವಾಂಬ ಮ್ಯಾನ್ಷನ್ ಎಂಬ ಭವ್ಯವಾದ ಬಂಗಲೆಯಿದೆ. ರಾಜಕುಮಾರಿ ಚೆಲುವಾಜಮ್ಮಣ್ಣಿಯವರಿಗಾಗಿ ಕಟ್ಟಿಸಿದ ಆ ಅರಮನೆಯಲ್ಲಿ 1950ರಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಆರಂಭವಾಯಿತು. ಡಾಕ್ಟರ್ ವಿ. ಸುಬ್ರಹ್ಮಣ್ಯನ್ ಅದರ ಮೊದಲ ನಿರ್ದೇಶಕರು. ಆಗ ತಾನೇ ಸ್ವತಂತ್ರವಾಗಿದ್ದ ದೇಶಕ್ಕೆ ಅನ್ನದ್ದೇ ಚಿಂತೆ. ಎಮ್ಮೆಯ ಹಾಲಿನಿಂದ ಎಳೆಯ ಮಕ್ಕಳ ಆಹಾರ ತಯಾರಿಸುವ ವಿಧಾನ ಅಲ್ಲಿಂದ ಹೊರಬಂದು ದೇಶಕ್ಕೆಲ್ಲ ಉಪಯೋಗವಾಯಿತು. ಆ ಸಂಶೋಧನಾಲಯದ ಸೂಕ್ಷ್ಮಜೀವಿ ವಿಭಾಗದವರು ಮುಂದೆ ಕಣ್ಣು ಹಾಯಿಸಿದ್ದು ಅಡಿಗೆಯ ಮನೆಯ ಪಾತ್ರೆಗಳೊಳಕ್ಕೆ.

2005ರಲ್ಲಿ ಅವರು ಉಪ್ಪುನೀರಿನಲ್ಲಿ ಹುಳಿಯುತ್ತಿದ್ದ ಸೌತೆಕಾಯಿಯಿಂದ ಪೀಡಿಯೋಸಿನ್ ಜಾತಿಯ ಬ್ಯಾಕ್ಟೀರಿಯೋಸಿನ್ ಮಾಡುವ ಜೀವಿಗಳನ್ನು ಬೇರ್ಪಡಿಸಿದ್ದನ್ನು ಪ್ರಕಟಿಸಿದರು. 2010ರಲ್ಲಿ ಸರದಿ ಇಡ್ಲಿಯ ಹಿಟ್ಟಿನದು. ಆ ಹಿಟ್ಟಿನಿಂದ ಎಂಟೆರೊಕಾಕಸ್ ಫೀಸಿಯಂ ಎಂಬ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ, ಅದು ಸ್ರವಿಸುವ ಬ್ಯಾಕ್ಟೀರಿಯೋಸಿನ್ ಬಿಸಿಗೆ ಹೆದರದೆ ಉಳಿಯುತ್ತದೆಂದೂ, ಲಿಸ್ಟೀರಿಯಾ ಎಂಬ ರೋಗಕಾರಕವನ್ನು ತಡೆಯುತ್ತದೆಂದೂ ಅವರು ವರದಿ ಮಾಡಿದರು. ಇಂಥ ಪರೀಕ್ಷೆ ನೋಡಲು ಬಹು ಸರಳ. ಗಾಜಿನ ತಟ್ಟೆಯ ತುಂಬ ಶತ್ರುವನ್ನು ಬಿತ್ತಿ, ಅದರ ಮೇಲೆ ಪರೀಕ್ಷಿಸಬೇಕಾದ ದ್ರವದ ಒಂದು ತೊಟ್ಟನ್ನಿಟ್ಟು ರಾತ್ರಿ ಕಾಯುತ್ತಾರೆ. ದ್ರವದಲ್ಲಿ ಆಯುಧವಿದ್ದರೆ, ಬೆಳಿಗ್ಗೆ ಮಸುಕಾದ ತಟ್ಟೆಯ ನಡುವೆ ತಿಳಿಯಾದ ಒಂದು ವೃತ್ತ ಮೂಡಿರುತ್ತದೆ. ಅಡಿಗೆಯ ಮನೆಯಂತೆ ಪ್ರಯೋಗಶಾಲೆಯಲ್ಲಿಯೂ ಕೆಲಸ ರಾತ್ರಿಯಲ್ಲೇ ನಡೆಯುತ್ತದೆ.

ಈ ಶೋಧನೆಯಲ್ಲಿ ಎಚ್ಚರಿಕೆಯ ಮಾತೊಂದೂ ಸೇರಿತ್ತು. ಎಂಟೆರೊಕಾಕಸ್ ಕುಲದವರೆಲ್ಲ ಸಾಧುಗಳಲ್ಲ. ಅದೇ ಕುಲದ ಕೆಲವರು ಆಸ್ಪತ್ರೆಗಳಲ್ಲಿ ರೋಗ ಹಬ್ಬಿಸುತ್ತಾರೆ; ವ್ಯಾಂಕೊಮೈಸಿನ್ ಎಂಬ, ವೈದ್ಯರು ಕೊನೆಯ ಅಸ್ತ್ರವಾಗಿ ಕಾದಿರಿಸಿಕೊಂಡ ಔಷಧಕ್ಕೂ ಬಗ್ಗದವರಿದ್ದಾರೆ. ಆದುದರಿಂದ ಹಿಟ್ಟಿನಲ್ಲಿ ಸಿಕ್ಕಿದ ಈ ಜೀವಿ ಆ ಔಷಧಕ್ಕೆ ಬಗ್ಗುತ್ತದೆಯೇ ಎಂದು ಮೈಸೂರಿನವರು ಪರೀಕ್ಷಿಸಿದರು. ಬಗ್ಗುತ್ತದೆ ಎಂದು ತಿಳಿಯಿತು. ಕಾವಲಿಗೆ ಬಂದವನ ಪೂರ್ವಾಪರ ವಿಚಾರಿಸದೆ ಮನೆಯೊಳಗೆ ಬಿಟ್ಟುಕೊಳ್ಳುವವರುಂಟೆ?

ಲಿಸ್ಟೀರಿಯಾ ಎಂಬ ಹೆಸರು ಬಹು ಮಂದಿಗೆ ಹೊಸದು. ಬಾಣಂತನದ ಮನೆಗಳಲ್ಲಿ ಮಾತ್ರ ಅದು ಈಚೆಗೆ ಕೇಳಿಬರುತ್ತಿದೆ. ಚೆಲುವಾಂಬ ಎಂಬ ಹೆಸರು ಮೈಸೂರಿನಲ್ಲಿ ಆಹಾರ ಸಂಶೋಧನೆಯ ಬಂಗಲೆಗೂ ಇದೆ, ಹೆರಿಗೆಯ ಆಸ್ಪತ್ರೆಗೂ ಇದೆ. ಈ ರೋಗಾಣುವಿನ ವಿಷಯದಲ್ಲಿ ಎರಡು ಕಡೆಯ ಚಿಂತೆಯೂ ಒಂದೇ. ಅದು ಆರೋಗ್ಯವಂತರಿಗೆ ಸಾಮಾನ್ಯವಾಗಿ ಹೆಚ್ಚಿನ ತೊಂದರೆ ಕೊಡುವುದಿಲ್ಲ. ಆದರೆ ಗರ್ಭಿಣಿಯ ದೇಹವನ್ನು ಹೊಕ್ಕರೆ, ಆಕೆಗೆ ಸಣ್ಣ ಜ್ವರಕ್ಕಿಂತ ಹೆಚ್ಚಿನದೇನೂ ಕಾಣಿಸದೆ ಇರುವಾಗಲೇ, ಒಳಗಿನ ಶಿಶುವನ್ನು ತಲುಪಿ ಗರ್ಭಪಾತವನ್ನೋ ಶಿಶುಮರಣವನ್ನೋ ಉಂಟುಮಾಡಬಲ್ಲುದು. ಅದರ ಇನ್ನೊಂದು ದುರ್ಗುಣವೆಂದರೆ ಅದು ಚಳಿಗೆ ಜಗ್ಗುವುದಿಲ್ಲ. ಇತರ ಜೀವಿಗಳು ತೆಪ್ಪಗಾಗುವ ಫ್ರಿಜ್ಜಿನ ತಂಪಿನಲ್ಲಿ ಅದು ಮೆಲ್ಲಮೆಲ್ಲನೆ ಬೆಳೆಯುತ್ತದೆ.

ಒಂಟಿಕೊಪ್ಪಲಿನಲ್ಲಾಗಲಿ ಸರಸ್ವತೀಪುರದಲ್ಲಾಗಲಿ, ಬೆಂಗಳೂರಿನಿಂದ ಹೆರಿಗೆಗೆಂದು ಮಗಳು ತವರಿಗೆ ಬಂದ ಯಾವ ಮನೆಯಲ್ಲಾದರೂ ಇಂಥದೊಂದು ಸಂಭಾಷಣೆ ಕೇಳಿಬರಬಹುದು. ಏಳು ತಿಂಗಳ ಬಸುರಿ ಫ್ರಿಜ್ಜಿನ ಬಾಗಿಲು ತೆರೆದು ನಿಂತಿದ್ದಾಳೆ.

"ಅಮ್ಮ, ಈ ಹಿಟ್ಟು ಎಷ್ಟು ದಿನದ್ದು?"

"ನಾಲ್ಕು ದಿನ ಆಯ್ತು ಕಣೇ. ಯಾಕೆ?"

"ಫ್ರಿಜ್ಜಿನಲ್ಲಿ ಬಹಳ ದಿನ ಇಟ್ಟದ್ದನ್ನು ತಿನ್ನಬೇಡಿ ಅಂತ ಡಾಕ್ಟರು ಹೇಳಿದ್ದಾರೆ."

ಹಜಾರದಿಂದ ಅಜ್ಜಿಯ ಧ್ವನಿ ಕೇಳುತ್ತದೆ. "ಹುಳಿ ಬಂದದ್ದು ಕೆಡುತ್ತದೇನೇ ಪುಟ್ಟಿ? ನಿಮ್ಮಪ್ಪ ಹೊಟ್ಟೆಯಲ್ಲಿದ್ದಾಗ ನಾನು ದಿನಾ ಬೆಳಿಗ್ಗೆ ಮೊಸರನ್ನವೇ ತಿಂದೆ. ನನಗೇನಾಯಿತು, ಅವನಿಗೇನಾಯಿತು?"

"ಆಗ ಫ್ರಿಜ್ ಇರಲಿಲ್ಲ ಅಜ್ಜಿ."

"ಅದಕ್ಕೇ ಅನ್ನು!"

ಅಜ್ಜಿ ವಾದದಲ್ಲಿ ಗೆಲ್ಲಬೇಕೆಂದು ಹೇಳಿದ ಮಾತು ಅದು; ಆದರೆ ಅದರಲ್ಲಿ ಆಕೆಗೂ ಗೊತ್ತಿಲ್ಲದ ಒಂದು ಸತ್ಯವಿದೆ. ಲಿಸ್ಟೀರಿಯಾವನ್ನು 1926ರಲ್ಲಿಯೇ ಕೇಂಬ್ರಿಜ್ಜಿನಲ್ಲಿ ಮೊಲಗಳ ರೋಗವೊಂದರಲ್ಲಿ ಗುರುತಿಸಿದ್ದರು. ಅದು ಆಹಾರದ ಮೂಲಕ ಮನುಷ್ಯರಿಗೆ ಹರಡುತ್ತದೆಂಬುದು ಸ್ಪಷ್ಟವಾಗಿ ತಿಳಿದದ್ದು 1981ರಲ್ಲಿ, ಕೆನಡಾದಲ್ಲಿ. ತಂಪಿನ ಗೋದಾಮಿನಲ್ಲಿ ಕೂಡಿಟ್ಟಿದ್ದ ಎಲೆಕೋಸನ್ನು ಹಸಿಯಾಗಿ ಹೆಚ್ಚಿ ಮಾಡಿದ ತಿನಿಸಿನಿಂದ ಗರ್ಭಿಣಿಯರೂ ನವಜಾತ ಶಿಶುಗಳೂ ರೋಗಕ್ಕೆ ತುತ್ತಾದರು. 2017-18ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಕಾರ್ಖಾನೆಯ ಸಿದ್ಧಮಾಂಸದ ಮೂಲಕ ಹಬ್ಬಿದ ಲಿಸ್ಟೀರಿಯಾ ಸಾವಿರಕ್ಕೂ ಹೆಚ್ಚು ಜನರನ್ನು ಹಿಡಿದು ಇನ್ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಅವರಲ್ಲಿ ಎಳೆಯ ಶಿಶುಗಳ ಪಾಲು ದೊಡ್ಡದು. ತಂಪಿನಲ್ಲಿಟ್ಟು, ಮತ್ತೆ ಒಲೆಗೆ ತೋರಿಸದೆ ತಿನ್ನುವ ಆಹಾರ ಇಂದಿನ ಜೀವನಕ್ರಮದ್ದು. ಫ್ರಿಜ್ಜಿಲ್ಲದ ಕಾಲದ ಮನೆ ಎರಡು ದಿನ ಉಳಿಯಬೇಕಾದ್ದನ್ನು ಹುಳಿಸುತ್ತಿತ್ತು, ಒಣಗಿಸುತ್ತಿತ್ತು, ಉಪ್ಪು ಹಾಕುತ್ತಿತ್ತು. ಫ್ರಿಜ್ಜಿರುವ ಮನೆ ಅದನ್ನು ಸುಮ್ಮನೆ ಇಟ್ಟು ಮರೆಯುತ್ತದೆ.

ಹಾಗೆಂದು ಅಜ್ಜಿಯ ಮಾತನ್ನು ಪೂರ್ತಿಯಾಗಿ ನಂಬುವಂತಿಲ್ಲ. ಹುಳಿಯ ಕಾವಲು ಕಾವಲೇ ಹೊರತು ಕೋಟೆಯಲ್ಲ. ಒಂದು ಮನೆಯ ಹಿಟ್ಟಿನಲ್ಲಿರುವ ಬಳಗ ಇನ್ನೊಂದು ಮನೆಯದರಲ್ಲಿ ಇರಬೇಕೆಂದಿಲ್ಲ. ಪ್ರಯೋಗಶಾಲೆಗೆ ಸಿಕ್ಕಿದ ಕಾವಲುಗಾರ ಎಲ್ಲರ ಪಾತ್ರೆಗೂ ಬಂದು ಕೂತಿದ್ದಾನೆಂದು ತಿಳಿಯುವುದು ಸಲ್ಲದು. ಇದ್ದರೂ ಅವನ ಅಧಿಕಾರಕ್ಕೆ ಎಲ್ಲೆಯುಂಟು. ವಿಷಮಶೀತಜ್ವರ, ಆಮಶಂಕೆ, ಕಾಲರಾಗಳನ್ನು ತರುವ ಬ್ಯಾಕ್ಟೀರಿಯಾಗಳು ಗೋಡೆಯ ಹೊರಗೆ ಇನ್ನೊಂದು ಹೊದಿಕೆಯನ್ನು ಹೊದ್ದಿರುತ್ತವೆ. ನಿಸಿನ್, ಪೀಡಿಯೋಸಿನ್ ಮುಂತಾದವು ಆ ಹೊದಿಕೆಯನ್ನು ತಾವಾಗಿಯೇ ದಾಟಲಾರವು. ಬೂಷ್ಟಿನ ಮೇಲಂತೂ ಅವುಗಳ ಆಟ ನಡೆಯದು. ಉಪ್ಪಿನಕಾಯಿಯ ಜಾಡಿಗೆ ಒದ್ದೆ ಸೌಟು ಹಾಕಿದ ಸೊಸೆಯನ್ನು ಯಾವ ಬ್ಯಾಕ್ಟೀರಿಯೋಸಿನ್ನೂ ಕಾಪಾಡಲಾರದು. ಮುಸುರೆಯ ಕೈಯಿಂದ ಮುಟ್ಟಬೇಡ, ಒಗ್ಗರಣೆಯ ಸೌಟನ್ನು ಮೊಸರಿಗೆ ಅದ್ದಬೇಡ ಎಂದು ಹಳೆಯ ಹೆಂಗಸರು ಗದರಿಸುತ್ತಿದ್ದುದರಲ್ಲಿ ಆಚಾರ ಎಷ್ಟಿತ್ತೋ, ಈ ಎಲ್ಲೆಯ ಅರಿವೂ ಅಷ್ಟೇ ಇತ್ತು. ಇಡ್ಲಿಯ ಹಿಟ್ಟಿನ ಕಾವಲು ಪಕ್ಕದ ಚಟ್ನಿಗೆ ದಾಟಿ ಬರುವುದಿಲ್ಲ. ಚಟ್ನಿಗೆ ಬೆರೆಸಿದ ನೀರು ಶುದ್ಧವಾಗಿರಲೇಬೇಕು.

ಬಸುರಿಗೆ ಆ ಇಡ್ಲಿ ತಿನ್ನಲು ಅಡ್ಡಿಯಿಲ್ಲ. ಆಕೆಯನ್ನು ರಕ್ಷಿಸುವುದು ಹಿಟ್ಟಿನ ಬ್ಯಾಕ್ಟೀರಿಯೋಸಿನ್ ಒಂದೇ ಅಲ್ಲ, ಕುದಿಯುವ ನೀರಿನ ಹಬೆ. ಹಬೆಯಲ್ಲಿ ಬೆಂದ ಇಡ್ಲಿಯಲ್ಲಿ ಲಿಸ್ಟೀರಿಯಾ ಬದುಕಿರಲಾರದು. ಕಾಯಿಸಿದ ಹಾಲಿಗೆ ಹೆಪ್ಪು ಹಾಕಿ ಮಾಡಿದ ಮನೆಯ ಮೊಸರನ್ನು ಹೊಸದಾಗಿ ತಿನ್ನುವುದಕ್ಕೂ ಹೆದರಬೇಕಾಗಿಲ್ಲ. ಹೆದರಬೇಕಾದದ್ದು ಕಾಯಿಸದ ಹಾಲಿಗೆ, ಅಂಥ ಹಾಲಿನ ಚೀಸಿಗೆ, ಫ್ರಿಜ್ಜಿನಲ್ಲಿ ಮರೆತುಬಿಟ್ಟು ಬಿಸಿಮಾಡದೆ ತಿನ್ನುವ ತಿಂಡಿಗೆ. ಡಾಕ್ಟರು ಹೇಳಿದ್ದೂ ಅದನ್ನೇ. ಹುಳಿ, ಹಬೆ, ಶುಚಿ ಈ ಮೂರೂ ಸೇರಿದಾಗ ಮಾತ್ರ ಮನೆಯ ಕೋಟೆ ಪೂರ್ತಿಯಾಗುತ್ತದೆ.

ಅಜ್ಜಿಯ ಅತಿ ನಂಬಿಕೆಗೆ ಎದುರಾಗಿ ಈಗಿನವರಲ್ಲಿ ಒಂದು ಅತಿ ಭಯವೂ ಇದೆ. ಅಂಗಡಿಯಿಂದ ತಂದ ಚೀಸಿನ ಪೊಟ್ಟಣವನ್ನು ತಿರುಗಿಸಿ ನೋಡಿದರೆ ಕೆಲವದರ ಮೇಲೆ 'ಸಂರಕ್ಷಕ 234' ಎಂಬ ಸಂಖ್ಯೆ ಕಾಣುತ್ತದೆ. ಸಂಖ್ಯೆಯನ್ನು ಕಂಡೊಡನೆ 'ಅಯ್ಯೋ, ರಾಸಾಯನಿಕ' ಎಂದು ಪೊಟ್ಟಣವನ್ನು ಕೆಳಗಿಡುವವರುಂಟು. ಆ 234 ಎಂಬುದು ನಿಸಿನ್ನೇ; ಹಾಲನ್ನು ಹುಳಿಸುವ ಬ್ಯಾಕ್ಟೀರಿಯಾದ ಅದೇ 34 ಮಣಿಗಳ ಸರ. 1951ರಲ್ಲಿ ಹಿರ್ಷ್ ಮತ್ತು ಸಂಗಡಿಗರು, ಚೀಸಿನೊಳಗೆ ಅನಿಲ ತುಂಬಿ ಕೆಡಿಸುವ ಕ್ಲಾಸ್ಟ್ರಿಡಿಯಂ ಎಂಬ ಜೀವಿಯನ್ನು ನಿಸಿನ್ ತಡೆಯುತ್ತದೆಂದು ತೋರಿಸಿದರು. 1969ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಕೃಷಿ ಸಂಸ್ಥೆಗಳ ತಜ್ಞರು ಅದರ ಬಳಕೆಗೆ ಒಪ್ಪಿದರು. 1988ರಲ್ಲಿ ಅಮೆರಿಕವೂ ಒಪ್ಪಿತು. ಹೆಸರು ಇಂಗ್ಲೆಂಡಿನದು, ಸಂಖ್ಯೆ ಕಾನೂನಿನದು, ಕಸುಬು ಮಾತ್ರ ಮಜ್ಜಿಗೆಯ ಗಡಿಗೆಯದು.

ಪೆನಿಸಿಲಿನ್ನಿನ ವರ್ಷದಲ್ಲೇ ಸುಳಿವು ಕೊಟ್ಟರೂ ನಿಸಿನ್ ಏಕೆ ಔಷಧದ ಅಂಗಡಿಯನ್ನು ಸೇರಲಿಲ್ಲ? ಅದು ಪ್ರೋಟೀನು, ನುಂಗಿದರೆ ಕರುಳಿನ ಜೀರ್ಣರಸಗಳು ಬೇಳೆಯನ್ನು ಕರಗಿಸಿದಂತೆ ಅದನ್ನೂ ತುಂಡುತುಂಡು ಮಾಡಿಬಿಡುತ್ತವೆ. ಔಷಧವಾಗಬೇಕಾದ ವಸ್ತುವಿಗೆ ಅದೊಂದು ದೊಡ್ಡ ಕೊರತೆ. ಆಹಾರಕ್ಕೆ ಸೇರುವ ವಸ್ತುವಿಗೆ ಅದೇ ದೊಡ್ಡ ಗುಣ. ಪಾತ್ರೆಯಲ್ಲಿರುವಷ್ಟು ಹೊತ್ತು ಅದು ಕಾವಲು ಕಾಯುತ್ತದೆ. ಹೊಟ್ಟೆಗೆ ಹೋದ ಮೇಲೆ ಆಯುಧವನ್ನು ಕೆಳಗಿಟ್ಟು ಅನ್ನದೊಡನೆ ಅನ್ನವಾಗುತ್ತದೆ. ಸಣ್ಣ ನೆಗಡಿಗೂ ಪ್ರತಿಜೈವಿಕದ ಗುಳಿಗೆ ನುಂಗಿ, ಕರುಳಿನ ಒಳ್ಳೆಯ ಜೀವಿಗಳನ್ನೂ ಕೊಂದು, ಕೆಟ್ಟವನ್ನು ಔಷಧಕ್ಕೆ ಬಗ್ಗದಂತೆ ಬೆಳೆಸುತ್ತಿರುವ ಈ ಕಾಲದಲ್ಲಿ, ತನ್ನ ಕೆಲಸವೆಷ್ಟೋ ಅಷ್ಟನ್ನು ಮಾಡಿ ಸರಿಯುವ ಆಯುಧ ಕೌತುಕದ್ದೇ ಸರಿ.

ಮನುಷ್ಯನು ಸೂಕ್ಷ್ಮಜೀವಿಗಳ ವಿಷಯದಲ್ಲಿ ಎರಡು ತಪ್ಪುಗಳನ್ನು ಮಾಡುತ್ತ ಬಂದಿದ್ದಾನೆ. ಕಾಣದ ಕಾಲದಲ್ಲಿ ಅವು ಇಲ್ಲವೆಂದುಕೊಂಡ; ಕಂಡ ಮೇಲೆ ಎಲ್ಲವೂ ಶತ್ರುಗಳೆಂದುಕೊಂಡ. ಅಡಿಗೆಯ ಮನೆ ಮಾತ್ರ ಕಾಣದೆ ಇದ್ದಾಗಲೂ ಅವುಗಳಲ್ಲಿ ಕೆಲವನ್ನು ನೆಂಟರಂತೆ ನಡೆಸಿಕೊಂಡಿತು; ನಿನ್ನೆಯ ಮೊಸರಿನ ಒಂದು ಚಮಚವನ್ನು ಇಂದಿನ ಹಾಲಿಗೆ ಉಳಿಸುತ್ತ, ತಲೆಮಾರಿನಿಂದ ತಲೆಮಾರಿಗೆ ಅವುಗಳ ವಂಶವನ್ನು ಕಾಪಾಡಿತು. ಪ್ರಯೋಗಶಾಲೆ ಬಂದದ್ದು ಆ ನಂಟನ್ನು ಕಡಿಯುವುದಕ್ಕಲ್ಲ. ಯಾವ ನೆಂಟನ ಬಲ ಎಷ್ಟು, ಯಾರನ್ನು ಎಲ್ಲಿಯವರೆಗೆ ನಂಬಬಹುದು ಎಂದು ಲೆಕ್ಕ ಹೇಳುವುದಕ್ಕೆ. ಅಜ್ಜಿಯ ಮಾತನ್ನೂ ಡಾಕ್ಟರ ಪಟ್ಟಿಯನ್ನೂ ಜೊತೆಯಲ್ಲಿಟ್ಟು ಓದಬಲ್ಲ ಮನೆಯಲ್ಲಿ ಹುಟ್ಟುವ ಕೂಸು ಕ್ಷೇಮವಾಗಿರುತ್ತದೆ.